ಸೊಸೆಯನ್ನು ಕಾಯಲು ಹೋದ ನಡಿಗೆ

ಆಗ ನನಗೆ ಅರವತ್ಮೂರು. ನಾಲ್ಕು ವರ್ಷದ ಹಿಂದಿನ ಮಾತು. ಇವತ್ತು ಹೊನ್ನಾವರದ ಪೇಟೆಯಲ್ಲಿ ಒಣಮೀನಿನ ವಾಸನೆ ಮೂಗಿಗೆ ಬಡಿದದ್ದೇ ನೆನಪಾಯಿತು. ಕೇಳಿ, ಹೇಳಿಬಿಡುತ್ತೇನೆ.

ನನ್ನ ಸೊಸೆ ಸುಮಾ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ಅವಳಿಗೆ ಹುಟ್ಟಿದ ಮಗು ಒಂದು ದಿನವೂ ಬದುಕಲಿಲ್ಲ. ಆಮೇಲೆ ಅವಳಿಗೆ ಮಾತೂ ಇಲ್ಲ, ಸಿಟ್ಟೂ ಇಲ್ಲ. ಬಡಿಸಿದರೆ ಉಣ್ಣುವುದು, ಹೇಳಿದರೆ ಮಲಗುವುದು. ಒಮ್ಮೆ ಬಾವಿಕಟ್ಟೆಗೆ ಕೈಯೂರಿ ಒಳಗೆ ನೋಡುತ್ತ ನಿಂತದ್ದನ್ನು ಕಂಡೆ. ಅಂದಿನಿಂದ ನಾನು ಅವಳ ಬೆನ್ನು ಬಿಡಲಿಲ್ಲ. ಬಚ್ಚಲಿಗೆ ಹೋದರೂ ಹೊರಗೆ ನಿಂತು ಕೆಮ್ಮುತ್ತಿದ್ದೆ.

ಅಷ್ಟರಲ್ಲಿ ಅವಳ ಶಾಲೆಯ ಉಳಿದ ಅಕ್ಕೋರುಗಳು ಕುಮಟೆಯಿಂದ ಗೋಕರ್ಣದವರೆಗೆ ಸಮುದ್ರದ ದಂಡೆಗುಂಟ ನಡೆಯುವುದು, ರಾತ್ರಿ ಟೆಂಟಿನಲ್ಲಿ ಮಲಗುವುದು ಎಂದು ಹೊರಟರು. ಅವಳನ್ನೂ ಕರೆದರು. ಮಗ, ಹೋಗಿ ಬರಲಿ ಎಂದ. ಆ ದಾರಿಯಲ್ಲಿ ಗುಡ್ಡ ಸೀದಾ ಸಮುದ್ರಕ್ಕೇ ಇಳಿದಿದೆ, ಅವನಿಗೆಲ್ಲಿ ನೆನಪು? ನಾನೂ ಬರುತ್ತೇನೆಂದೆ. ಅಕ್ಕೋರುಗಳು ಮುಖ ಮುಖ ನೋಡಿಕೊಂಡರು. ನಾನು ಒಣಮೀನು ಗಂಟು ಕಟ್ಟಿದೆ.

ದಂಡೆ ಬಹಳ ಚಂದವಂತೆ. ನಾನು ನೋಡಿದ್ದು ಸೊಸೆಯ ಹಿಮ್ಮಡಿ ಮಾತ್ರ.

ಎರಡನೇ ಸಂಜೆ ಅಘನಾಶಿನಿಯ ಹತ್ತಿರ, ಗುಡ್ಡ ಸಮುದ್ರದೊಳಕ್ಕೆ ಚಾಚಿಕೊಂಡ ಕಡೆ ಟೆಂಟು ಹಾಕಿದರು. ತಿರುಗಿ ನೋಡಿದರೆ ಸುಮಾ ಇಲ್ಲ. ತುದಿಬಂಡೆಯ ಮೇಲೆ ಒಬ್ಬಳೇ ನಿಂತಿದ್ದಾಳೆ. ನನ್ನ ಮಂಡಿನೋವು ಎಲ್ಲಿ ಹೋಯಿತೋ, ಓಡಿ ಅವಳ ತೋಳು ಹಿಡಿದು ಜಗ್ಗಿದೆ. ಎಳೆದತ್ತ ನಡೆದಳು. ಬಂದು ನೋಡಿದರೆ ನಾಯಿಗಳು ಟೆಂಟು ಹರಿದು, ಗಂಟು ಬಿಚ್ಚಿ, ಅವಳ ಹಾಸಿಗೆಯ ತುಂಬ ಮೀನಿನ ತಲೆ ಹರಡಿ ಹೋಗಿದ್ದವು.

ಅವಳ ಮುಖ ಕೆಂಪಾಯಿತು. “ಅತ್ತೆ, ನನ್ನ ಕಾಯೂದು ಬಿಟ್ಟು ಆ ಮೀನು ಕಾಯ್ಕಂಡಿದ್ರೆ ಆಗ್ತಿತ್ತು. ಈ ನಾತದಲ್ಲಿ ಮಲಗೂದು ಯಾರು, ನಾನಾ?”

“ಅಲ್ಲಿ ತುದಿಗೆ ಎಂತಕ್ಕೆ ಹೋಗಿದ್ದೆ?”

“ಅಳೂಕೆ. ಮನೇಲಿ ಅಳೂಕೆ ಬಿಟ್ರಾ ನೀವು? ಬಚ್ಚಲಿಗೆ ಹೋದ್ರೂ ನಿಮ್ಮ ಕೆಮ್ಮು.”

ಎಲ್ಲರ ಎದುರಿಗೇ ಬೈದಳು. ಬೈಯುತ್ತ ಅತ್ತಳು, ಅಳುತ್ತಲೇ ಹಾಸಿಗೆ ಕೊಡವಿದಳು. ನಾಲ್ಕು ಜನರ ಮುಂದೆ ಸೊಸೆಯಿಂದ ಬೈಸಿಕೊಂಡು ಎದೆ ಹಗುರಾದ ಅತ್ತೆ ನಾನೊಬ್ಬಳೇ ಇರಬೇಕು. ಆಮೇಲೆ ಅವಳು ತಾನೇ ಕೇಳಿ ಮತ್ತೊಮ್ಮೆ ಅನ್ನ ಹಾಕಿಸಿಕೊಂಡಳು. ನಾನು ಆ ನಾತದಲ್ಲೇ ಗೊರಕೆ ಹೊಡೆದೆನಂತೆ.

ಮಾರನೇ ದಿನ ಬೆಳಿಗ್ಗೆ ಸುಮಾ ಮತ್ತು ಉಳಿದ ಅಕ್ಕೋರುಗಳು ಹೊಳೆ ದಾಟಿ ತದಡಿಗೆ ಹೋಗಲು ದೋಣಿ ಹತ್ತಿದರು. ಮುಂದಿನ ದಾರಿಯಲ್ಲಿ ಇನ್ನೂ ಎತ್ತರದ ಗುಡ್ಡಗಳಿದ್ದವು. ನಾನು ದೋಣಿ ಬಿಡುವುದನ್ನೂ ಕಾಯದೆ ಕುಮಟೆಯ ಬಸ್ಸು ಹತ್ತಿ ಮನೆಗೆ ಬಂದೆ.