ಇದು ಹುಲಿ ಹಲ್ಲಲ್ಲ

ಗುಂಡ್ಲುಪೇಟೆಯಲ್ಲಿ ಇದ್ದುಕೊಂಡು ಆನ್‌ಲೈನಿನಲ್ಲಿ ಹಲ್ಲು ತರಿಸಬಾರದು. ಯಾವ ಪ್ರಾಣಿಯದ್ದೇ ಆಗಲಿ, ತರಿಸಬಾರದು.

ನಾನು ತರಿಸಿದ್ದು ಡೈನೋಸಾರ್ ಹಲ್ಲು. ಹೆಬ್ಬೆರಳುದ್ದ, ಕಂದು ಬಣ್ಣ, ಚೂಪು ತುದಿ. ಜೊತೆಗೆ ಹೊಲೊಗ್ರಾಮ್ ಹೊಳೆಯುವ ಸರ್ಟಿಫಿಕೇಟ್. ಪಾರ್ಸಲ್ ಬಿಚ್ಚಿದ ಭಾನುವಾರದ ನನ್ನ ಡೈರಿ ಹೀಗಿದೆ: ನೋಡಿದವರು ಒಂಬತ್ತು. ಡೈನೋಸಾರ್ ಎಂದವರು ಒಬ್ಬರು (ನಾನೇ). ಪ್ಲಾಸ್ಟಿಕ್ ಎಂದವರು ಇಬ್ಬರು. ಹುಲಿ ಎಂದವರು ಆರು.

ಕಾಡಿನಂಚಿನ ಊರಿನಲ್ಲಿ ಆ ಮಾತು ಸುಮ್ಮನೆ ಕೂರುತ್ತದೆಯೇ? ನಾನಿರುವುದು ಅಕ್ಕನ ಮನೆಯಲ್ಲಿ. ಭಾವ ಸಫಾರಿ ಜೀಪಿನ ಡ್ರೈವರ್. ಕೆಲಸ ಇನ್ನೂ ಪರ್ಮನೆಂಟ್ ಆಗಿಲ್ಲ.

"ಯಾರಾರ ಒಬ್ಬ ಫಾರೆಸ್ಟ್‌ನೋರ್ಗ ಫೋನ್ ಮಾಡುದ್ರೆ ನನ್ ಕೆಲ್ಸ ಓಯ್ತದ ಕಣ್ಲಾ! ಎಸ್ದ್‌ಬುಡು ಅದ್ನ" ಅಂದರು ಭಾವ.

"ಅದು ಕೋಟಿಗಟ್ಟಲೆ ವರ್ಷದ್ದು ಭಾವ."

"ಅದೇ ಬಾಯ್ಬುಟ್ಟು ಯೋಳ್ತದ?"

ಶುರುವಾಯಿತು ಪರೀಕ್ಷೆ. ನನಗೆ ಅದು ಅಸಲಿ ಆಗಬೇಕಿತ್ತು, ಭಾವನಿಗೆ ನಕಲಿ. (ಮೋಸಹೋಗಿರಲಿ ಎಂದು ಮನೆಯವರೇ ಹಾರೈಸುವುದನ್ನು ನೀವು ಕಂಡಿದ್ದೀರಾ?) ಅಕ್ಕ ಸೂಜಿ ಕಾಯಿಸಿ ಕೊಟ್ಟಳು. ಬುಡಕ್ಕೆ ಚುಚ್ಚಿದೆ. ಪ್ಲಾಸ್ಟಿಕ್ ಸುಟ್ಟ ವಾಸನೆ! ಭಾವ ಕುಣಿಯುವುದೊಂದು ಬಾಕಿ. ತುದಿಗೆ ಒತ್ತಿದೆ. ವಾಸನೆಯೂ ಇಲ್ಲ, ಸೂಜಿಯೂ ಇಳಿಯಲಿಲ್ಲ.

"ಮ್ಯಾಲಿಂದು ಉಲೀದೇ ಕಣ" ಅಂದಳು ಅಕ್ಕ.

ಆಮೇಲೆ ಬೀದಿಯಲ್ಲಿ ಬೈಕ್ ಸದ್ದಾದಾಗಲೆಲ್ಲ ಭಾವ ಕಿಟಕಿಗೆ ಓಡುತ್ತಿದ್ದರು.

ಮರುದಿನ ಚಾಮರಾಜನಗರಕ್ಕೆ ಹೋದೆವು, ಹಲ್ಲಿನ ಡಾಕ್ಟರ್ ನಸ್ರೀನ್ ಅವರ ಬಳಿ. (ಹಲ್ಲಿಗೆ ಮತ್ಯಾರ ಬಳಿ ಹೋಗಬೇಕು?) ಭಾವನ ಹಲ್ಲಿಗೆ ಕ್ಯಾಪ್ ಹಾಕಿದವರು ಅವರೇ. ನಗುತ್ತಲೇ ಎಕ್ಸ್‌ರೇ ತೆಗೆದರು.

"ಮೇಲ್ಗಡೆ ಅಸಲಿ. ಬುಡ ಮಾತ್ರ ಅಂಟು, ಮರಳು ಸೇರಿಸಿ ಕಟ್ಟಿದ್ದಾರೆ. ನಿಮ್ಮ ಭಾವಂದು ಉಲ್ಟಾ. ಬೇರು ಅವರದು, ಮೇಲಿಂದು ನಂದು!"

ಭಾವ ನಗಲಿಲ್ಲ. "ಉಲೀದಾ ಮೇಡಂ?"

"ಅಲ್ಲ. ನರ ಇರಬೇಕಾದ ಜಾಗದಲ್ಲೆಲ್ಲ ಕಲ್ಲು ತುಂಬಿದೆ. ಇದು ಯಾವ ಕಾಲದಲ್ಲೋ ಸತ್ತ ಪ್ರಾಣಿಯದು."

"ಹಾಗಾದ್ರೆ ಡೈನೋಸಾರ್?" ಎಂದೆ.

ಅವರು ಭೂವಿಜ್ಞಾನ ಕಲಿಸುವ ಗೆಳತಿಗೆ ಫೋಟೊ ಕಳಿಸಿದರು. ಉತ್ತರ ಬಂತು: ಅಂಚಿನಲ್ಲಿ ಗರಗಸದಂಥ ಕಚ್ಚುಗಳಿಲ್ಲ. ಸಮುದ್ರದಲ್ಲಿದ್ದ ಯಾವುದೋ ಸರೀಸೃಪದ್ದು ಇರಬಹುದು. ಫೋಟೊ ನೋಡಿ ಡೈನೋಸಾರ್ ಎನ್ನಲಾರೆ.

ನಾನು ಪೆಚ್ಚಾದೆ. ಭಾವ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. "ಮೇಡಂ, ಉಲೀದಲ್ಲ ಅಂತ ಬರ್ಕೊಟ್‌ಬುಡಿ."

ಡಾಕ್ಟರ್ ಔಷಧಿ ಚೀಟಿಯಲ್ಲೇ ಬರೆದು ಸೀಲ್ ಒತ್ತಿದರು: 'ಇದು ಹುಲಿ ಹಲ್ಲಲ್ಲ.' ಭಾವ ಅದಕ್ಕೆ ಲ್ಯಾಮಿನೇಶನ್ ಮಾಡಿಸಿ, ಶೋಕೇಸಿನಲ್ಲಿ ಹಲ್ಲಿನ ಮುಂದೆ ನಿಲ್ಲಿಸಿದ್ದಾರೆ.

ನಮ್ಮವರು ಕಾಗದ ನಂಬುವ ಜನ ಅಂದುಕೊಂಡಿದ್ದೆ. ಬಂದವರೆಲ್ಲ ಚೀಟಿ ಓದುತ್ತಾರೆ. ಹಲ್ಲು ನೋಡುತ್ತಾರೆ. ಬಾಗಿಲತ್ತ ಒಮ್ಮೆ ತಿರುಗಿ, ದನಿ ತಗ್ಗಿಸಿ ಭಾವನನ್ನು ಕೇಳುತ್ತಾರೆ:

"ನಿಜ ಯೋಳ್ಲಾ, ಉಲಿ ಎಲ್ ಸಿಕ್ತು?"