ಮಲಗಿಸಿದ ಗೊಂಬೆ ಏಳುವ ಮುನ್ನ

ಕಳೆದ ವಿಜಯದಶಮಿಯ ಮರುವಾರದಿಂದ, ನಡುವೆ ಒಂದು ವಾರ ತಪ್ಪಿದ್ದನ್ನು ಬಿಟ್ಟರೆ, ಎಂಟು ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಸರಿಯಾಗಿ ನಾವು ನಾಲ್ವರು ಹೆಂಗಸರು ಚಾಮರಾಜಪೇಟೆಯ ಒಂದು ಮನೆಯಲ್ಲಿ ಕಿಟಕಿಯ ಪರದೆ ಎಳೆದುಕೊಂಡು ಕುಳಿತು, ಕೊಲೆಗಡುಕ ಗೊಂಬೆಯೊಂದರ ಸರಣಿಯನ್ನು ನೋಡಿದೆವು. ‘ನೋಡಿದೆವು’ ಎಂಬ ಈ ಬಹುವಚನವನ್ನು ಆಗ ಎಷ್ಟು ಸಲೀಸಾಗಿ ಬಳಸುತ್ತಿದ್ದೆನೋ ಈಗ ಅಷ್ಟು ಸಲೀಸಾಗಿ ಬಳಸಲಾರೆ.

ಆ ಮನೆ ನನ್ನ ಗೆಳತಿಯದು. ಮಲ್ಲೇಶ್ವರದ ಪ್ರೌಢಶಾಲೆಯೊಂದರಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ, ಅವಳು ಗಣಿತ. ಅಧ್ಯಾಪಕರ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಒಂದೇ ಮೇಜಿನ ಎದುರುಬದುರು ಕುಳಿತವರು ನಾವು. ಗಂಟಲು ಕೈಕೊಟ್ಟು, ವೈದ್ಯರು ಇನ್ನು ತರಗತಿಯಲ್ಲಿ ಕೂಗಬಾರದೆಂದಾಗ ನಾನು ಐವತ್ತಕ್ಕೆ ಮುಂಚೆಯೇ ಕೆಲಸ ಬಿಟ್ಟೆ. ಅಂದಿನಿಂದ ಬಸವನಗುಡಿಯ ಮನೆಯಲ್ಲಿ ಒಬ್ಬಳೇ ಇದ್ದೇನೆ. ಮದುವೆಯಾಗಲಿಲ್ಲ, ಅಮ್ಮ ಇರುವವರೆಗೆ ಅದೊಂದು ಕೊರತೆಯೆಂದು ಅನ್ನಿಸಿಯೂ ಇರಲಿಲ್ಲ.

ಉಳಿದ ಇಬ್ಬರು ಅವಳ ಮೂಲಕ ಪರಿಚಯವಾದವರು. ಒಬ್ಬರು ಚಿಕ್ಕಪೇಟೆಯಲ್ಲಿ ಮೂರು ತಲೆಮಾರಿನಿಂದ ರೇಷ್ಮೆ ಸೀರೆ ಮಾರುತ್ತಿರುವ ಮನೆತನದ ಸೊಸೆ. ಅವರನ್ನು ನಾವು ಸೀರೆಯವರು ಎನ್ನುತ್ತಿದ್ದೆವು. ಇನ್ನೊಬ್ಬರು ಬ್ಯಾಂಕಿನಿಂದ ಸ್ವಯಂನಿವೃತ್ತಿ ಪಡೆದವರು, ಆದ್ದರಿಂದ ಬ್ಯಾಂಕಿನವರು. ನಮ್ಮನ್ನು ಸೇರಿಸಿದ್ದು ದಸರೆಯ ಗೊಂಬೆ. ನಾಲ್ವರ ಮನೆಯಲ್ಲೂ ನವರಾತ್ರಿಗೆ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುತ್ತೇವೆ. ಒಬ್ಬರ ಮನೆಯ ಗೊಂಬೆಯನ್ನು ಇನ್ನೊಬ್ಬರು ನೋಡಲು ಹೋಗುತ್ತೇವೆ. ನೋಡಿ ಬಂದು, ಮೆಟ್ಟಿಲ ಸಂಖ್ಯೆ ಬೆಸವೇ ಸಮವೇ ಎಂಬುದರಿಂದ ಹಿಡಿದು ದೀಪದ ಎಣ್ಣೆಯವರೆಗೆ ಟೀಕೆ ಮಾಡುತ್ತೇವೆ. ವಿಜಯದಶಮಿಯ ಸಂಜೆ ಆರತಿಯಾದ ಮೇಲೆ ಪಟ್ಟದ ಗೊಂಬೆಯನ್ನು, ಅಂದರೆ ಮೇಲಿನ ಮೆಟ್ಟಿಲಲ್ಲಿ ಕೂರಿಸುವ ಮರದ ರಾಜ ರಾಣಿಯರಲ್ಲಿ ಒಂದನ್ನು, ಮೆಲ್ಲಗೆ ಮಲಗಿಸುತ್ತೇವೆ. ಗೊಂಬೆ ಮಲಗಿತೆಂದರೆ ಹಬ್ಬ ಮುಗಿಯಿತು. ಮರುದಿನ ಹಳೆಯ ಪಂಚೆಯಲ್ಲಿ ಸುತ್ತಿ, ನಡುವೆ ನಾಲ್ಕು ಲವಂಗ ಇಟ್ಟು, ಟ್ರಂಕಿಗೆ ಸೇರಿಸುವುದು. ನಾನು ಕೂರಿಸುವ ಜೋಡಿ ಅಮ್ಮನಿಗೆ ಅವರ ತಾಯಿ ಮದುವೆಯಲ್ಲಿ ಕೊಟ್ಟದ್ದು.

ಸರಣಿಯನ್ನು ಆರಿಸಿದವಳು ಗೆಳತಿ. ಹೊರದೇಶದ್ದು, ಕನ್ನಡಕ್ಕೆ ಡಬ್ ಆದದ್ದು, ಒಟ್ಟು ಎಂಟು ಕಂತು. ಗಡಿಯಾರ ರಿಪೇರಿಯ ಅಂಗಡಿಯವನ ಮಗಳಿಗೆ ಅಟ್ಟದ ಮೇಲೆ ಒಂದು ಗೊಂಬೆ ಸಿಗುತ್ತದೆ: ಹಳದಿ ಸ್ವೆಟರು, ಗಾಜಿನ ಕಣ್ಣು, ಕೈಯಲ್ಲಿ ಹೆಣಿಗೆಯ ಕಡ್ಡಿ. ಮೊದಲ ಕಂತು ಮುಗಿಯುವಷ್ಟರಲ್ಲಿ ಆ ಕಡ್ಡಿಗೆ ಇಬ್ಬರು ಬಲಿಯಾಗಿದ್ದರು.

“ಒಬ್ಬೊಬ್ರೇ ನೋಡೋ ಹಾಗಿಲ್ಲ,” ಎಂದು ಅಂದು ಗೆಳತಿಯೇ ಹೇಳಿದಳು. “ವಾರಕ್ಕೊಂದು. ನಾಲ್ಕೂ ಜನ ಇದ್ರೇನೇ. ಗೊಂಬೆ ಮೇಲಾಣೆ.”

“ಯಾವ ಗೊಂಬೆ ಮೇಲೆ?” ಎಂದರು ಸೀರೆಯವರು. “ನಮ್ಮನೇದಾ, ಟೀವೀದಾ?”

“ನಮ್ಮನೇದ್ರೀ. ಟೀವೀದ್ರ ಮೇಲೆ ಆಣೆ ಇಟ್ರೆ ಅದು ಬಂದ್ಬಿಡತ್ತೆ.”

ನಾವೆಲ್ಲ ನಕ್ಕೆವು. ನಾನು ನಗುತ್ತಲೇ ಆಣೆಯನ್ನು ಆಣೆಯೆಂದೇ ತೆಗೆದುಕೊಂಡೆ.

ಪುಸ್ತಕ ಹುಟ್ಟಿಕೊಂಡದ್ದೂ ಅದೇ ದಿನ. ಯಾರು ಮೊದಲು ಕಿರುಚಿದರು ಎಂಬುದರ ಬಗ್ಗೆ ಕಾಫಿಯ ಹೊತ್ತಿಗೆ ಜಗಳವಾಯಿತು.

“ನಾನು ಕಿರುಚಿಲ್ಲ ರೀ, ಕೆಮ್ಮಿದ್ದು,” ಎಂದರು ಬ್ಯಾಂಕಿನವರು.

“ಹಾಗೆ ಕೆಮ್ಮಿದ್ರೆ ಮೊದ್ಲು ಎಕ್ಸ್‌ರೇ ತೆಗೆಸ್ಕೊಳಿ,” ಎಂದಳು ಗೆಳತಿ.

ಮುಂದಿನ ವಾರದಿಂದ ಬರೆದಿಡುತ್ತೇನೆ ಎಂದೆ ನಾನು. ಗೀಟು ಹಾಕಿದ ಇನ್ನೂರು ಪುಟದ ನೋಟುಪುಸ್ತಕ ತಂದು, ಸಮಯಕ್ಕೊಂದು, ಪ್ರಸಂಗಕ್ಕೊಂದು, ನಾಲ್ವರಿಗೆ ಒಂದೊಂದರಂತೆ ಅಂಕಣ ಎಳೆದೆ. ಕಿರುಚಿದರೆ ಒಂದು ಗುರುತು, ಕಣ್ಣು ಮುಚ್ಚಿದರೆ ಒಂದು, ನಕ್ಕರೆ ಒಂದು. ಏನೂ ಮಾಡದವರ ಅಂಕಣ ಖಾಲಿ. ಕಂತು ಮುಗಿದ ಮೇಲೆ ನಾನು ಅದನ್ನು ಗಟ್ಟಿಯಾಗಿ ಓದುತ್ತಿದ್ದೆ. ಎಲ್ಲರೂ ತಮ್ಮ ತಮ್ಮ ಕಿರುಚಾಟಕ್ಕೆ ವಿವರಣೆ ಕೊಡುತ್ತಿದ್ದರು. ಹಾಜರಿ ಕರೆಯುವ ಅಭ್ಯಾಸ ಇನ್ನೂ ಹೋಗಿಲ್ಲವೆಂದು ತಮಾಷೆ ಮಾಡುತ್ತಿದ್ದರು. ನನಗೆ ಹಿಡಿಸುತ್ತಿತ್ತು. ವಾರವಿಡೀ ಮನೆಯಲ್ಲಿ ಬಳಸದ ಕಂಠವನ್ನು ಅಂದು ಹತ್ತು ನಿಮಿಷ ಬಳಸುತ್ತಿದ್ದೆ.

ಎರಡನೆಯ, ಮೂರನೆಯ ಕಂತುಗಳ ಪುಟಗಳನ್ನು ಈಗ ತೆರೆದರೂ ಆ ಮಧ್ಯಾಹ್ನಗಳು ಕೇಳಿಸುತ್ತವೆ. ಸರಣಿಯಲ್ಲಿ ಗೊಂಬೆಯನ್ನು ಹಾಗೆಯೇ ಪೆಟ್ಟಿಗೆಗೆ ತುರುಕಿದಾಗ ಸೀರೆಯವರು ಹೆದರುವ ಬದಲು ಸಿಟ್ಟಾದರು. “ಹಂಗೆ ತಲೆಕೆಳಗಾಗಿ ತುಂಬಿದ್ರೆ ಅದಕ್ಕೆ ಕೋಪ ಬರ್ದೆ ಇರತ್ತಾ? ಒಂದು ಹಳೇ ಪಂಚೆ ಸುತ್ತಕ್ಕೇನು ರೋಗ ಇವಕ್ಕೆ?” ಬ್ಯಾಂಕಿನವರು, “ಲವಂಗ ಇಟ್ಟಿಲ್ಲ, ನೋಡಿ. ಹುಳ ಹಿಡ್ಯತ್ತೆ,” ಎಂದರು. ಪರದೆಯ ಮೇಲೆ ಒಬ್ಬ ಪೋಸ್ಟ್‌ಮ್ಯಾನನ ಕತ್ತಿಗೆ ಕಡ್ಡಿ ಇಳಿಯುತ್ತಿತ್ತು. “ನಾನು ನಿನ್ನನ್ನು ಕೊಲ್ಲಲು ಹೋಗುತ್ತಿದ್ದೇನೆ” ಎಂದು ಗೊಂಬೆ ಡಬ್ಬಿಂಗಿನ ಕನ್ನಡದಲ್ಲಿ ಗರ್ಜಿಸಿದಾಗ, ಎದುರಿಗೇ ಇರುವವನನ್ನು ಕೊಲ್ಲಲು ಅದು ಹೋಗುವುದು ಎಲ್ಲಿಗೆ ಎಂದು ನಾನು ಕೇಳಿದೆ. “ಮೆಜೆಸ್ಟಿಕ್‌ಗೆ. ಬಸ್ ಬದಲಾಯಿಸ್ಬೇಕಲ್ಲ,” ಎಂದಳು ಗೆಳತಿ. ಆ ಗಳಿಗೆಯಲ್ಲಿ ನಾಲ್ಕು ಅಂಕಣಗಳಲ್ಲೂ ನಗುವಿನ ಗುರುತಿದೆ.

ಮೂರನೆಯ ಕಂತಾದ ಮೇಲಿನ ವಾರ ಮೈಸೂರಿನಲ್ಲಿ ಸೋದರಮಾವನ ಮಗಳ ಮನೆಯ ಗೃಹಪ್ರವೇಶವಿತ್ತು. ಶನಿವಾರ ಬರಲಾಗುವುದಿಲ್ಲವೆಂದು ಗೆಳತಿಗೆ ಬುಧವಾರವೇ ತಿಳಿಸಿದೆ. “ಹೋಗ್ಬಾ. ನೀನಿಲ್ದೆ ಏನು ನೋಡೋದು? ಕಾಯ್ತೀವಿ,” ಎಂದಳು.

ಹಿಂದಿರುಗಿದ ಮೇಲೆ ನಾಲ್ಕನೆಯ ಕಂತು. ಅದರಲ್ಲಿ ಹುಡುಗಿ ಬಾವಿಯೊಳಕ್ಕೆ ಬಗ್ಗಿ ನೋಡುವ ಪ್ರಸಂಗವಿದೆ. ಆಗ ಗೆಳತಿ ನನ್ನ ಎಡಗೈಯನ್ನು ಹಿಡಿದುಕೊಂಡಳು. ಹಿಡಿದದ್ದನ್ನು ದೃಶ್ಯ ಮುಗಿದ ಮೇಲೂ ಬಿಡಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಸೀಮೆಸುಣ್ಣದ ಡಬ್ಬಿಯನ್ನು ಕೈಯಿಂದ ಕೈಗೆ ಕೊಟ್ಟದ್ದೇ ನಮ್ಮ ಸಲುಗೆಯ ಎಲ್ಲೆ. ಅಮ್ಮನ ಕೊನೆಯ ವಾರದ ನಂತರ ನನ್ನ ಕೈಯನ್ನು ಯಾರೂ ಹಾಗೆ ಹಿಡಿದಿರಲಿಲ್ಲ. ಬಲಗೈಯಲ್ಲಿ ಪೆನ್ನು ಇತ್ತು. ಆದರೂ ಆ ಪ್ರಸಂಗದ ಸಾಲಿನಲ್ಲಿ ಅವಳ ಅಂಕಣಕ್ಕೆ ಏನನ್ನೂ ಬರೆಯಲಿಲ್ಲ. ಬರೆಯಲು ಗುರುತು ಇರಲಿಲ್ಲ.

ಐದು, ಆರನೆಯ ಕಂತುಗಳಲ್ಲಿ ಕಿರುಚಾಟ ಇಮ್ಮಡಿಯಾಯಿತು. ಕಥೆ ಬಿಗಿಯಾಗುತ್ತಿದೆ ಎಂದುಕೊಂಡೆ. ಹೆಂಗಸರು ನಾಲ್ವರು ಒಟ್ಟಿಗೆ ಹೆದರುವುದರಲ್ಲಿ ಎಂಥ ಸುಖವಿದೆಯೆಂದು ನನಗೆ ಈ ವಯಸ್ಸಿನಲ್ಲಿ ತಿಳಿಯಿತು. ಶುಕ್ರವಾರ ಸಂಜೆಯೇ ಸೀರೆ ತೆಗೆದಿಟ್ಟುಕೊಳ್ಳುತ್ತಿದ್ದೆ.

ಏಳನೆಯ ಕಂತಿನಲ್ಲಿ, ಮುಗಿಯಲು ಹತ್ತು ನಿಮಿಷವಿರುವಾಗ, ಹುಡುಗಿ ಗೊಂಬೆಯ ಕೈಯಿಂದ ಕಡ್ಡಿಯನ್ನು ಬಿಡಿಸಿಕೊಳ್ಳುತ್ತಾಳೆ. ಅದರ ಸ್ವೆಟರಿನ ಗುಂಡಿ ಹಾಕುತ್ತಾಳೆ. ಅಂಗಡಿಯ ಉದ್ದನೆಯ ಮೇಜಿನ ಮೇಲೆ ಅದನ್ನು ಅಂಗಾತ ಮಲಗಿಸುತ್ತಾಳೆ. ಗಾಜಿನ ಕಣ್ಣು ಮುಚ್ಚುತ್ತದೆ. ಸಂಗೀತ ನಿಲ್ಲುತ್ತದೆ.

ನನಗೆ ಉಸಿರು ತಾನಾಗಿ ಹೊರಬಂತು. ನಲವತ್ತು ವರ್ಷಗಳಿಂದ ಕೈಯಾರೆ ಗೊಂಬೆ ಮಲಗಿಸಿದವಳಿಗೆ, ಮಲಗಿದ ಗೊಂಬೆ ಎಂದರೆ ಮುಗಿದ ಹಬ್ಬ. ಅದರಾಚೆಗೆ ಏನಾದರೂ ಇರಬಹುದೆಂದು ಮನಸ್ಸಿಗೆ ಹೊಳೆಯುವುದೇ ಇಲ್ಲ. ನಾನು ಬೆನ್ನು ಸಡಿಲಿಸಿ, ‘ಗೊಂಬೆ ಮಲಗಿತು’ ಎಂದು ಬರೆದು, ಉಳಿದವರೂ ನಿರಾಳರಾಗಿರಬೇಕೆಂದುಕೊಂಡು ತಲೆಯೆತ್ತಿದೆ.

ಮೂವರೂ ಕಾಲುಗಳನ್ನು ಸೋಫಾದ ಮೇಲೆ ಎತ್ತಿಕೊಂಡಿದ್ದರು. ಬ್ಯಾಂಕಿನವರು ಕಿವಿ ಮುಚ್ಚಿಕೊಂಡಿದ್ದರು. ಪರದೆಯ ಮೇಲೆ ಇನ್ನೂ ಏನೂ ಆಗಿರಲಿಲ್ಲ. ನನ್ನಂತೆಯೇ ವರ್ಷವರ್ಷವೂ ಗೊಂಬೆ ಮಲಗಿಸಿ ನಿಟ್ಟುಸಿರುಬಿಡುವ ಮೂವರು ಹೆಂಗಸರು, ಮಲಗಿದ ಗೊಂಬೆಯನ್ನು ನೋಡಿ ಕಾಲು ಮೇಲೆತ್ತಿಕೊಂಡು ಕಾಯುತ್ತಿದ್ದರು.

ಆಮೇಲೆ ಮೇಜಿನ ಕೆಳಗಿನಿಂದ ಇನ್ನೊಂದು ಹಳದಿ ತೋಳು ಬಂತು. ನಾನು ಕಿರುಚಿದೆ. ಅವರೂ ಕಿರುಚಿದರು, ಮೂವರೂ ಒಟ್ಟಿಗೆ, ಪ್ರಾರ್ಥನೆ ಎತ್ತಿಕೊಂಡಂತೆ.

ನಕಲನ್ನು ಹಿಡಿಯುವುದು ನನಗೆ ಹೊಸದಲ್ಲ. ಹಿಡಿದಾಗ ಒಂದು ಬಗೆಯ ತೃಪ್ತಿಯಾಗುತ್ತಿತ್ತು, ಅಂದು ಆಗಲಿಲ್ಲ. ಆ ದಿನದ ಪುಟವನ್ನು ಎಂದಿನಂತೆ ಓದಿದೆ, ಎಂದಿನಂತೆ ನಕ್ಕರು. ಗೆಳತಿ ಕಾಫಿಗೆಂದು ಅಡುಗೆಮನೆಗೆ ಹೋದಾಗ ಹಿಂದೆಯೇ ಹೋಗಿ ಬಾಗಿಲು ಒರಗಿಸಿದೆ.

“ಯಾವಾಗ ನೋಡಿದ್ರಿ?”

“ಏನನ್ನ?”

“ಲೇ, ನನ್ನ ಹತ್ರ ಬೇಡ.”

ಅವಳು ಫಿಲ್ಟರಿನ ಮುಚ್ಚಳವನ್ನು ತೆಗೆದು, ಮತ್ತೆ ಮುಚ್ಚಿದಳು.

“ನೀನು ಮೈಸೂರಿಗೆ ಹೋಗಿದ್ಯಲ್ಲ, ಆವತ್ತು. ಅವರಿಬ್ರಿಗೆ ಬರ್ಬೇಡಿ ಅಂತ ಫೋನ್ ಮಾಡೋದು ಮರ್ತುಹೋಯ್ತು. ಬಂದ್ಬಿಟ್ರು. ಸುಮ್ನೆ ಒಂದು ಹಾಕಿದ್ವಿ. ಅದು ಮುಗಿದ್ರೆ ಇನ್ನೊಂದು ತಾನಾಗೇ ಶುರುವಾಗತ್ತೆ ಕಣೇ, ನಾವೇನು ಒತ್ತಿಲ್ಲ.”

“ಉಳಿದಿದ್ದ ಐದೂ ತಾನಾಗೇ ಶುರುವಾಯ್ತಾ?”

“ಮೂರು. ಭಾನುವಾರ ಎರಡು.”

ಶನಿವಾರದ್ದನ್ನು ನಾನು ಅಂದೇ ಕ್ಷಮಿಸಬಹುದಿತ್ತು. ಶನಿವಾರದ್ದು ಚಪಲ. ಭಾನುವಾರದ್ದಕ್ಕೆ ಮನೆಗೆ ಹೋಗಿ, ಉಂಡು, ಮಲಗಿ, ಎದ್ದು, ಆಟೋ ಹಿಡಿದು ಮತ್ತೆ ಬರಬೇಕು. ಅಷ್ಟು ಹೊತ್ತಿನಲ್ಲಿ ಮೂವರಲ್ಲಿ ಒಬ್ಬರಿಗಾದರೂ ನನ್ನ ನೆನಪಾಗಿರಲೇಬೇಕು.

“ಮತ್ತೆ ಕಿರುಚಿದ್ದೆಲ್ಲ?”

“ಇನ್ನೇನು ಮಾಡೋದು? ನೀನು ಪುಸ್ತಕ ಹಿಡ್ಕೊಂಡು ಕೂತಿರ್ತೀಯ. ಕಿರುಚ್ದೆ ಇದ್ರೆ ಖಾಲಿ ಬಿಡ್ತೀಯ. ಖಾಲಿ ಬಿಟ್ರೆ ಆಮೇಲೆ ನಿನ್ನ ಮುಖ ನೋಡಕ್ಕಾಗಲ್ಲ. ಸರಿಯಾಗಿ ಕಿರುಚ್ರೀ ಅಂತ ನಾನೇ ಅವ್ರಿಗೆ ಹೇಳಿದ್ದು.”

“ಹೇಳ್ಬಹುದಿತ್ತು ನಂಗೆ.”

“ಹೇಳಿದ್ರೆ ಬರೋದು ಬಿಡ್ತಿದ್ದೆ. ಬಿಡ್ತಿರ್ಲಿಲ್ವಾ? ಹೇಳು.”

ಬಿಡುತ್ತಿದ್ದೆ. ಅದು ಅವಳಿಗೆ ಗೊತ್ತಿತ್ತು. ಆ ತಿಳಿವಳಿಕೆಯಲ್ಲಿ ಪ್ರೀತಿಯೂ ಇತ್ತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಾನು ಕೇಳಬೇಕಾದದ್ದು ಇನ್ನೊಂದಿತ್ತು.

“ನಾಲ್ಕನೇದ್ರಲ್ಲಿ, ಬಾವಿ ಹತ್ರ, ನನ್ನ ಕೈ ಹಿಡ್ಕೊಂಡ್ಯಲ್ಲ.”

ಅವಳು ಲೋಟಗಳನ್ನು ಜೋಡಿಸುತ್ತಿದ್ದವಳು ನಿಜವಾಗಿಯೂ ಯೋಚಿಸಿದಳು. “ಹಿಡ್ಕೊಂಡಿದ್ನಾ?”

ನಾನು ಹಾಲಿನ ಪಾತ್ರೆಯನ್ನು ಎತ್ತಿ ಅವಳಿಗೆ ಕೊಟ್ಟೆ.

ಗುರುವಾರ ಅವಳ ಫೋನು ಬಂತು. “ಶನಿವಾರ ಕೊನೇದು. ಬರ್ತೀಯಲ್ಲ? ಈ ಸಲ ನಾಟಕ ಇಲ್ಲ. ನಮಗೆ ಗೊತ್ತು ಅನ್ನೋದು ನಿನಗೂ ಗೊತ್ತಲ್ಲ, ಆರಾಮಾಗಿ ಕೂತು ನೋಡೋಣ. ಬಾರೇ.” ಹೋಗದಿರಲು ನನ್ನ ಬಳಿ ಕಾರಣವಿತ್ತು, ಆದರೆ ಶನಿವಾರ ಮಧ್ಯಾಹ್ನ ಹೋಗಲು ಬೇರೊಂದು ಸ್ಥಳವಿರಲಿಲ್ಲ. ಹೋದೆ.

ಪುಸ್ತಕವನ್ನು ಮನೆಯಲ್ಲೇ ಬಿಟ್ಟುಬಂದದ್ದರಿಂದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಎಲ್ಲರೂ ಎಂದಿಗಿಂತ ಒಳ್ಳೆಯವರಾಗಿದ್ದರು. ಸೀರೆಯವರು ಕೋಡುಬಳೆ ತಂದಿದ್ದರು; ಬ್ಯಾಂಕಿನವರು ತಮ್ಮ ದಿಂಬನ್ನು ನನ್ನ ಬೆನ್ನಿಗೆ ಕೊಟ್ಟರು. ಕಂತು ಶುರುವಾಯಿತು. ಯಾರೂ ಕಿರುಚಲಿಲ್ಲ, ಯಾರೂ ಗೊಂಬೆಗೆ ಬುದ್ಧಿ ಹೇಳಲಿಲ್ಲ. ಮುಕ್ಕಾಲು ಭಾಗ ಕಳೆದಿರಬೇಕು. ಹುಡುಗಿ ದೀಪ ಆರಿಸಿ ಹಾಸಿಗೆಯ ಮೇಲೆ ಒರಗಿದಳು. ಪರದೆ ಪೂರ್ತಿ ಕಪ್ಪಾಯಿತು. ಕಪ್ಪು ಗಾಜಿನಲ್ಲಿ ನಮ್ಮ ಕೋಣೆ ಕಾಣಿಸಿತು.

ಮೂವರೂ ಟೀವಿ ನೋಡುತ್ತಿರಲಿಲ್ಲ. ಮೂವರೂ ನನ್ನನ್ನು ನೋಡುತ್ತಿದ್ದರು. ಸೀರೆಯವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುವನ್ನು ತಡೆಹಿಡಿದಿದ್ದರು. ಗೆಳತಿ ಮುಂದಕ್ಕೆ ಬಗ್ಗಿದ್ದಳು. ಅವರ ಮುಖಗಳಲ್ಲಿ ಕೇಡಿರಲಿಲ್ಲ. ಮೊದಲ ಸಲ ಹುಣಸೆಹಣ್ಣು ಬಾಯಿಗಿಟ್ಟ ಮಗುವಿನ ಸುತ್ತ ಮನೆಯವರು ನಿಲ್ಲುತ್ತಾರಲ್ಲ, ಅಂಥ ಕಾತರವಿತ್ತು. ನಾಲ್ಕು ವಾರಗಳಿಂದ ಅವರು ನೋಡುತ್ತಿದ್ದುದು ಏನನ್ನು ಎಂಬುದು ನನಗೆ ಆಗ ತಿಳಿಯಿತು. ನಾನು ಅವರ ಅಂಕಣಗಳನ್ನು ತುಂಬುತ್ತಿದ್ದಾಗ ಅವರಿಗೆ ಪ್ರದರ್ಶನ ನಡೆಯುತ್ತಿದ್ದುದು ನನ್ನ ಕುರ್ಚಿಯಲ್ಲಿ.

ಆಗಲೇ ಹುಡುಗಿಯ ದಿಂಬಿನೊಳಗಿನಿಂದ, ಅವಳ ಸತ್ತ ತಾಯಿಯ ದನಿಯಲ್ಲಿ, ಗೊಂಬೆ ಅವಳನ್ನು ಕರೆಯಿತು.

ನನಗೆ ಅಷ್ಟು ಹೆದರಿಕೆ ಬೇರೆ ಯಾವ ಕಂತಿನಲ್ಲೂ ಆಗಿರಲಿಲ್ಲ. ಗಂಟಲವರೆಗೆ ಕೂಗು ಬಂತು. ಅದನ್ನು ಅಲ್ಲಿಯೇ ನಿಲ್ಲಿಸಿದೆ. ರೆಪ್ಪೆಯನ್ನೂ ಬಡಿಯದೆ, ಕೋಡುಬಳೆಯೊಂದನ್ನು ತೆಗೆದುಕೊಂಡು ಮುರಿದೆ.

“ಅಯ್ಯೋ, ಏನ್ರೀ ನೀವು? ಹೆದ್ರಿಕೆನೇ ಆಗ್ಲಿಲ್ವಾ?” ಎಂದರು ಸೀರೆಯವರು. “ಇದಕ್ಕೋಸ್ಕರಾನೇ ಕಾಯ್ತಿದ್ವಲ್ರೀ!”

“ಗೊತ್ತಿತ್ತು,” ಎಂದೆ. “ಮೊನ್ನೆ ಮನೇಲಿ ನೋಡ್ಬಿಟ್ಟೆ.”

ನಾನು ನೋಡಿರಲಿಲ್ಲ. ಸರಣಿಯನ್ನು ನೋಡುವ ಅನುಕೂಲವೇ ನನ್ನ ಮನೆಯಲ್ಲಿಲ್ಲ.

ಗೆಳತಿ ರಿಮೋಟನ್ನು ಒತ್ತಿ ಚಿತ್ರವನ್ನು ನಿಲ್ಲಿಸಿದಳು. “ಕೊನೇದನ್ನಾ? ನಮ್ಮನ್ನ ಬಿಟ್ಟು, ಒಬ್ಳೇ?”

“ಹೂಂ.”

“ಒಂದು ಮಾತು ಹೇಳ್ಬಾರ್ದಾ? ನಾವಿಲ್ಲಿ ವಾರದಿಂದ…” ಅವಳ ಕೆಳತುಟಿ ಒಮ್ಮೆ ಅದುರಿತು. ಬ್ಯಾಂಕಿನವರು ಎದ್ದು ಕಿಟಕಿಯ ಪರದೆ ಸರಿಸಿದರು. ಮಧ್ಯಾಹ್ನದ ಬಿಸಿಲು ನೇರ ಅವಳ ಮುಖದ ಮೇಲೆ ಬಿತ್ತು. ಆ ಮುಖದಲ್ಲಿದ್ದದ್ದು ನಟನೆಯಾಗಿರಲಿಲ್ಲ. ನಿಜ ಹೇಳಲು ನನಗೆ ಇನ್ನೂ ಸಮಯವಿತ್ತು. ಉಳಿದ ಕೋಡುಬಳೆಯನ್ನು ತಿಂದು ಮುಗಿಸಿದೆ.