ದುಡಿದ ಕಾಲಿನ ಅಳತೆ

ಬೆಳಗಿನ ಜಾವ ನಾಲ್ಕೂವರೆ. ಬಸ್ ಡಿಪೋದ ಹಿಂಬದಿಯ ಅಂಗಳದಲ್ಲಿ ದಿನದ ಮೊದಲ ಬಸ್ಸಿನ ಮೇಲೆ ನೀರು ಬೀಳುತ್ತಿದೆ. ಉದ್ದ ಕೋಲಿನ ಬ್ರಷ್ಷಿನಿಂದ ಕಿಟಕಿಯ ಸಾಲನ್ನು ಉಜ್ಜುತ್ತಿರುವ ನಲವತ್ತಾರು ವರ್ಷದ ಹೆಂಗಸಿನ ಕೈ ಬಸ್ಸಿನ ಮೇಲಿದೆ, ಕಣ್ಣು ಮಾತ್ರ ಬೇರೆ ಕಡೆ ಇದೆ. ನಾಲ್ಕು ಹೆಜ್ಜೆ ಆಚೆ ಚಕ್ರಕ್ಕೆ ಪೈಪು ಹಿಡಿದು ನಿಂತ ಹಿರಿಯಾಕೆಯ ಕಾಲುಗಳನ್ನೇ ಆಕೆ ನೋಡುತ್ತಿದ್ದಾರೆ. ಆ ಕಾಲುಗಳಲ್ಲಿ ಹೊಚ್ಚ ಹೊಸ ಕಪ್ಪು ರಬ್ಬರ್ ಬೂಟು.

"ಹೇಗಿದೆ ದೊಡ್ಡಮ್ಮ?"

"ಈಗ ತಾನೇ ಹಾಕ್ಕೊಂಡಿದೀನಿ ಕಣೇ. ಹತ್ತು ನಿಮಿಷಕ್ಕೊಂದ್ಸಲ ಕೇಳಿದ್ರೆ ಬೂಟೇನು ಬಾಯಿ ಬಿಟ್ಟು ಹೇಳುತ್ತಾ?"

ಸುತ್ತಲಿದ್ದವರು ನಗುತ್ತಾರೆ. ಪ್ರಶ್ನೆ ಕೇಳಿದಾಕೆಗೆ ಮಾತ್ರ ನಗು ಬರುವುದಿಲ್ಲ. ಈ ಬೂಟನ್ನು ಆನ್‌ಲೈನಿನಲ್ಲಿ ಹುಡುಕಿದವರು, ನಲವತ್ತನಾಲ್ಕು ದಿನ ಬೆಲೆ ಕಾದವರು, ಮೂವತ್ತೆಂಟು ಜನರ ಪರವಾಗಿ ಮೂವತ್ತೆಂಟು ಜೊತೆ ತರಿಸಿದವರು ಆಕೆಯೇ. ಬೂಟು ಇವತ್ತು ಮೊದಲ ಸಲ ನೀರಿಗಿಳಿದಿದೆ. ಹತ್ತೂವರೆಗೆ ಪಾಳಿ ಮುಗಿದು ದೊಡ್ಡಮ್ಮ ಬೂಟು ಕಳಚುವವರೆಗೆ ಆಕೆಗೆ ನೆಮ್ಮದಿಯಿಲ್ಲ.

ಡಿಪೋದಲ್ಲಿ ಆಕೆಯ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಎಲ್ಲರಿಗೂ ಆಕೆ 'ಮೂರು ದಿನದಕ್ಕ'. ಯಾರು ಫೋನ್ ಹಿಡಿದು ಬಂದು "ಅಕ್ಕ, ಇದು ತಗೊಳ್ಳಲಾ?" ಎಂದರೂ ಮೊದಲ ಉತ್ತರ ಒಂದೇ: "ಕಾರ್ಟಿಗೆ ಹಾಕಿ ಮೂರು ದಿನ ಬಿಡಿ." ಮೂರು ದಿನದ ಮೇಲೂ ಅದು ಬೇಕು ಅನಿಸಿದರೆ ಮುಂದಿನ ಮಾತು. ಹತ್ತರಲ್ಲಿ ಆರು ಜನರಿಗೆ ಅನಿಸುವುದೇ ಇಲ್ಲವಂತೆ. "ಅದೇ ಎಲ್ಲಕ್ಕಿಂತ ದೊಡ್ಡ ಡಿಸ್ಕೌಂಟು. ಪೂರ್ತಿ ನೂರಕ್ಕೆ ನೂರು" ಎನ್ನುತ್ತಾರೆ ಅಕ್ಕ.

ದಿನಕ್ಕೆ ಅರವತ್ತನಾಲ್ಕು ಬಸ್ಸು. ಗುಂಪು ಗುಂಪಾಗಿ ತೊಳೆದರೂ ಒಂದೊಂದಕ್ಕೆ ಹನ್ನೊಂದು ನಿಮಿಷ. ಆರು ಗಂಟೆ ಕಾಲ ಪಾದ ನೀರಲ್ಲಿ. ಏಳು ಗಂಟೆಗೆ ಹದಿನೈದು ನಿಮಿಷದ ಟೀ ವಿರಾಮ, ಅಕ್ಕನ ದರ್ಬಾರು ನಡೆಯುವುದು ಆಗಲೇ. ಸೋಪುಪುಡಿಯ ಡ್ರಮ್ಮುಗಳನ್ನಿಡುವ ಶೆಡ್ಡಿನ ಗೋಡೆಗೆ ಬಸ್ಸೊಂದರ ಹಳೆಯ ಮುಂಗಾಜು ಒರಗಿಸಿಟ್ಟಿದೆ. ಮೂಲೆಯಲ್ಲಿ ಬಿರುಕು ಬಿಟ್ಟಿದ್ದಕ್ಕೆ ಯಾರೋ ಬಿಚ್ಚಿ ಬಿಸಾಕಿದ್ದು. ಅದರ ಮೇಲೆ ದಪ್ಪ ಮಾರ್ಕರಿನಲ್ಲಿ ಅಕ್ಕನ ಗುಂಡಗಿನ ಅಕ್ಷರ: ಶಾಲೆ ಚೀಲ, ಇಸ್ತ್ರಿಪೆಟ್ಟಿಗೆ, ಗೋಡೆ ಫ್ಯಾನು, ಮಗುವಿನ ಡಯಾಪರು. ಒಂದೊಂದರ ಮುಂದೆಯೂ ದಿನಕ್ಕೊಂದರಂತೆ ಬೆಲೆ. ಇವತ್ತು ಇಪ್ಪತ್ಮೂರು ಸಾಲುಗಳಿವೆ. ಕೊಂಡಾದ ಮೇಲೆ ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಸಾಲು ಮಾಯ. ಗಾಜು ಒರೆಸುವುದನ್ನು ಈ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ.

"ನೋಡಿ, ಈ ಫ್ಯಾನು" ಎಂದು ಬೆರಳಿಡುತ್ತಾರೆ. "ಇವತ್ತು ಅರ್ಧ ಬೆಲೆ ಅಂತ ಕೆಂಪಕ್ಷರದಲ್ಲಿ ಕೂಗ್ತಾ ಇದೆ. ಹದಿನೈದು ದಿನದ ಹಿಂದೆ ಏನೂ ಕೂಗದೇ ಇದಕ್ಕಿಂತ ಎಂಬತ್ತು ಕಡಿಮೆ ಇತ್ತು. ನಮ್ಮ ಕಣ್ಣೆದುರೇ ಏರಿಸಿ ನಮಗೇ ಇಳಿಸಿ ತೋರಿಸ್ತಾರೆ." ಸೇಲ್ ಎಂಬ ಪದ ಕೇಳಿದರೆ ಮೈಮರೆಯುವ ನಮ್ಮಂಥ ಓದುಬರಹ ಬಲ್ಲವರು ಈ ಬಿರುಕು ಗಾಜಿನ ಮುಂದೆ ಒಂದು ಗಳಿಗೆ ನಿಂತು ಹೋಗುವುದು ಒಳ್ಳೆಯದು.

ಅಕ್ಕನೂ ಹುಟ್ಟುತ್ತಲೇ ಜಾಣೆಯಲ್ಲ. ಏಳು ವರ್ಷದ ಹಿಂದೆ, ಮನೆಗಳಿಗೆ ಬಣ್ಣ ಬಳಿಯುತ್ತಿದ್ದ ಗಂಡ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡು ಎರಡು ವರ್ಷ ಹಾಸಿಗೆ ಹಿಡಿದರು. ಮನೆಯ ನೊಗ ಆಕೆಯೊಬ್ಬರ ಹೆಗಲಿಗೆ ಬಿತ್ತು. ಅದೇ ದಿನಗಳಲ್ಲಿ ಹಳೆಯ ಕುಕ್ಕರು ಕೈಕೊಟ್ಟಿತು. ಮಗಳ ಫೋನಿನಲ್ಲಿ ನೋಡಿದರೆ 'ಇನ್ನು ಎರಡೇ ಉಳಿದಿವೆ' ಎಂಬ ಎಚ್ಚರಿಕೆ, ಪಕ್ಕದಲ್ಲಿ ಕ್ಷಣಕ್ಷಣಕ್ಕೆ ಓಡುವ ಗಡಿಯಾರ. ಹಿಂದೆಮುಂದೆ ನೋಡದೆ ಕೊಳ್ಳುವ ಗುಂಡಿ ಒತ್ತಿಯೇಬಿಟ್ಟರು. ಮರುದಿನ ನೋಡಿದರೂ ಎರಡೇ ಉಳಿದಿದ್ದವು. ತಿಂಗಳಾದ ಮೇಲೂ ಎರಡೇ.

"ಆ ಎರಡು ಕುಕ್ಕರು ಇವತ್ತಿಗೂ ಖರ್ಚಾಗಿಲ್ಲ ನೋಡಿ, ಪಾಪ" ಎಂದು ಈಗ ನಗುತ್ತಾರೆ. ಅವತ್ತು ನಕ್ಕಿರಲಿಲ್ಲ. ಪಕ್ಕದ ಬೀದಿಯ ಪಾತ್ರೆ ಅಂಗಡಿಯಲ್ಲಿ ಅದೇ ಕುಕ್ಕರು ಅದಕ್ಕಿಂತ ಅಗ್ಗವಾಗಿ ಸಿಗುತ್ತಿತ್ತು. ಅವತ್ತಿನಿಂದ ಅಕ್ಕ ಎರಡು ಕಡೆ ವಿಚಾರಿಸದೆ ಒಂದು ಚಮಚವನ್ನೂ ಕೊಂಡಿಲ್ಲ. ಆ ಎರಡು ಕಡೆಯಲ್ಲಿ ಒಂದು ಬೀದಿಯ ಅಂಗಡಿಯೇ ಆಗಿರಬೇಕು. ಗಂಡನಿಗೆ ಹಿಡಿದು ನಡೆಯಲು ಬೇಕಾದ ವಾಕರನ್ನು ಹನ್ನೆರಡು ದಿನ ಕಾದು, ಸಾಗಣೆ ಖರ್ಚನ್ನೂ ಕೂಡಿಸಿ ನೋಡಿ, ಆಸ್ಪತ್ರೆ ಎದುರಿನ ಅಂಗಡಿಯವರು ಹೇಳಿದ ಬೆಲೆಯ ಮುಕ್ಕಾಲಿಗೆ ತರಿಸಿದರು. ಅದನ್ನು ಹಿಡಿದು ಗಂಡ ಬಾಗಿಲವರೆಗೆ ನಡೆದ ದಿನ, ಮೆಚ್ಚಿಕೊಂಡ ಪಕ್ಕದ ಮನೆಯಾಕೆ ತಮ್ಮ ಫೋನನ್ನೂ ತಂದು ಮುಂದೆ ಹಿಡಿದರು. ಹೀಗೆ ಶುರುವಾದದ್ದು ಇದು. ಇವತ್ತಿನವರೆಗೆ ಯಾರಿಂದಲೂ ಬಿಡಿಗಾಸು ಪಡೆದಿಲ್ಲ. ಕೇಳಿದರೆ, "ಟೀ ಕುಡಿಸ್ತಾರಲ್ಲ" ಎನ್ನುತ್ತಾರೆ.

ಆದರೆ ಅಕ್ಕನ ಮಾತು ಬಸ್ಸಿನಷ್ಟೇ ಗಟ್ಟಿ ಎಂದು ಡಿಪೋ ನಂಬಿದ್ದ ಹೊತ್ತಿಗೇ, ಹೋದ ವರ್ಷ, ಆಕೆ ಮುಗ್ಗರಿಸಿದರು.

ಬೂಟಿಗೆಂದು ಗುತ್ತಿಗೆದಾರರು ವರ್ಷಕ್ಕೊಮ್ಮೆ ಕೊಡುವ ದುಡ್ಡಿಗೆ ಎಲ್ಲರೂ ಕೈಗೆ ಸಿಕ್ಕಿದ್ದನ್ನು ಕೊಳ್ಳುತ್ತಿದ್ದರು. ಎರಡು ತಿಂಗಳಿಗೆ ಅಟ್ಟೆ ಬಾಯಿ ಬಿಡುತ್ತಿತ್ತು. ಒಳಗೆ ನೀರು, ಬೆರಳ ಸಂದಿಯಲ್ಲಿ ಕೆಸರುಹುಣ್ಣು. ಎಲ್ಲರೂ ಒಟ್ಟಿಗೆ ತರಿಸಿದರೆ ಒಳ್ಳೆಯ ಬೂಟು ಅದೇ ದುಡ್ಡಿಗೆ ಬರುತ್ತದೆಂದು ಅಕ್ಕ ಲೆಕ್ಕ ಹಾಕಿದರು. ಒಂದು ಬೆಳಿಗ್ಗೆ ಕೆಲಸಕ್ಕೆ ಇಳಿಯುವ ಮೊದಲು ಎಲ್ಲರನ್ನೂ ಹಳೆಯ ಪೇಪರಿನ ಮೇಲೆ ನಿಲ್ಲಿಸಿ, ಪಾದದ ಸುತ್ತ ಗೆರೆ ಎಳೆದು, ಅಳೆದು, ತರಿಸಿದರು. ಬೂಟು ಬಂತು. ಹಾಕಿಕೊಂಡರೆ ಎಲ್ಲರಿಗೂ ಅಚ್ಚು ಹೊಯ್ದ ಹಾಗೆ ಕೂತಿತು. ಎಲ್ಲರೂ ಖುಷಿಯಿಂದ ನೀರಿಗಿಳಿದರು.

ಒಂಬತ್ತು ಗಂಟೆಯ ಹೊತ್ತಿಗೆ ಒಬ್ಬೊಬ್ಬರೇ ಕುಂಟತೊಡಗಿದರು. ನಾಲ್ಕೂವರೆ ಗಂಟೆ ನಿಂತ ಕಾಲು ಬೆಳಗಿನ ಕಾಲಲ್ಲ, ಊದಿರುತ್ತದೆ. ಹದಿನೇಳು ಜನರ ಬೂಟು ಬಿಗಿಯಾಯಿತು. ಒಮ್ಮೆ ನೀರು ಕಂಡ ಬೂಟನ್ನು ವಾಪಸು ತೆಗೆದುಕೊಳ್ಳುವವರು ಯಾರು?

"ಇಪ್ಪತ್ತೆರಡು ವರ್ಷ ಇದೇ ನೀರಲ್ಲಿ ನಿಂತಿದೀನಿ. ಪಾಳಿ ಮುಗಿದ ಮೇಲೆ ಚಪ್ಪಲಿ ಯಾಕೆ ಬಿಗಿಯಾಗುತ್ತೆ ಅಂತ ನನಗೆ ಗೊತ್ತಿಲ್ವಾ? ಗೊತ್ತಿತ್ತು. ಬೆಲೆ ನೋಡೋ ಭರದಲ್ಲಿ ಕಾಲು ನೋಡೋದೇ ಮರೆತೆ" ಎನ್ನುವಾಗ ಅಕ್ಕನ ದನಿ ಇಳಿಯುತ್ತದೆ.

ಹದಿನಾರು ಜನ ಗೊಣಗಿದರು, ಕೆಲವರು ಬೈದರು, ಬೂಟನ್ನು ಮನೆಯಲ್ಲಿದ್ದವರಿಗೆ ಕೊಟ್ಟರು. ಹದಿನೇಳನೆಯವರು ದೊಡ್ಡಮ್ಮ. ಬೂಟನ್ನು ಡ್ರಮ್ಮಿನ ಹಿಂದೆ ಇಟ್ಟು ಬರಿಗಾಲಲ್ಲೇ ನೀರಿಗಿಳಿದರು. ಆಗ ಅಂಗಳದ ಇನ್ನೊಂದು ತುದಿಯಲ್ಲಿ ದುಡಿಯುತ್ತಿದ್ದ ಅಕ್ಕನಿಗೆ ಅದು ಕಂಡದ್ದು ತಿಂಗಳ ಮೇಲೆ. ಅಷ್ಟರಲ್ಲಿ ಬೆರಳ ಸಂದಿಯ ಹುಣ್ಣು ಪಾದಕ್ಕೆ ಹಬ್ಬಿತ್ತು. ಹುಣ್ಣು ಒಮ್ಮೆ ಒಣಗಿ, ಮತ್ತೆ ಒಡೆದು, ವರ್ಷವಿಡೀ ಕಾಡಿತು. ಎರಡು ತಿಂಗಳ ಹಿಂದೆ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು: ಕಾಲು ಒಣಗಿರಬೇಕು, ಇಲ್ಲವಾದರೆ ಕೆಲಸ ಬಿಡಬೇಕು. ದೊಡ್ಡಮ್ಮನ ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿದೆ. ಈಗ ಬಿಟ್ಟರೆ ಮೂವತ್ತೊಂದು ವರ್ಷದ ದುಡಿಮೆಯ ಇಡುಗಂಟು ಪೂರ್ತಿ ಸಿಗುವುದಿಲ್ಲ.

"ಅವರೂ ನಾಲ್ಕು ಮಾತು ಬೈದಿದ್ರೆ ಹಗುರಾಗ್ತಿತ್ತು. ಬೈಲಿಲ್ಲ ನೋಡಿ, ಅದೇ ಚುಚ್ತಾ ಇತ್ತು" ಎನ್ನುತ್ತಾರೆ ಅಕ್ಕ.

ಈ ವರ್ಷ ಮತ್ತೆ ಬೂಟಿನ ದುಡ್ಡು ಬಂದಾಗ ಅಕ್ಕ ದೂರ ಸರಿದು ನಿಂತರು. ದೊಡ್ಡಮ್ಮನೇ ಎಲ್ಲರೆದುರು ತಮ್ಮ ಪಾಲನ್ನು ತಂದು ಅಕ್ಕನ ಕೈಗಿಟ್ಟರು. "ಎಡವಿದ ಕಾಲೇ ದಾರಿ ನೋಡ್ಕೊಂಡು ನಡೆಯೋದು. ಹಿಡ್ಕೋ" ಎಂದರು. ಉಳಿದ ಮೂವತ್ತಾರು ಜನ ಒಬ್ಬರ ಹಿಂದೊಬ್ಬರು ಸಾಲು ನಿಂತರು.

ಈ ಸಲ ಪೇಪರಿನ ಮೇಲೆ ಗೆರೆ ಎಳೆದದ್ದು ಬೆಳಿಗ್ಗೆ ಹತ್ತೂವರೆಗೆ, ಪಾಳಿ ಮುಗಿದ ಮೇಲೆ, ದಪ್ಪ ಕಾಲುಚೀಲ ಹಾಕಿಸಿ. ಎರಡೂ ಪಾದ ಅಳೆದು ದೊಡ್ಡದನ್ನು ಲೆಕ್ಕಕ್ಕೆ ಹಿಡಿದರು. ಆಮೇಲೆ ಜನರ ಅಭಿಪ್ರಾಯ ಓದಲು ಕೂತರು. ಐದು ಸ್ಟಾರಿನವು ಅಕ್ಕನಿಗೆ ಬೇಡ. "ಅವರು ಡಬ್ಬಿ ಬಿಚ್ಚಿದ ಖುಷಿಗೆ ಬರೆದಿರ್ತಾರೆ. ಮೂರು ಸ್ಟಾರಿನೋರು ಬಳಸಿ ಬರೆದಿರ್ತಾರೆ." ಮೂರು ಸ್ಟಾರಿನ ಇನ್ನೂರು ಬರಹ ಓದಿ, ಹಿಮ್ಮಡಿಯ ಹತ್ತಿರ ಸೋರುವ ಬೂಟುಗಳನ್ನೆಲ್ಲ ಬಿಟ್ಟರು. ಉಳಿದದ್ದು ಒಂದೇ. ಅದರ ಬೆಲೆ ಗಾಜಿನ ಮೇಲೆ ಹತ್ತಿತು.

ಮೂವತ್ತನೆಯ ದಿನ ದೊಡ್ಡ ಸೇಲ್ ಬಂತು. ಅಂಥದೇ ಬೂಟು ಇನ್ನೊಬ್ಬ ಮಾರಾಟಗಾರನಲ್ಲಿ ಹೆಚ್ಚುಕಡಿಮೆ ಅರ್ಧ ಬೆಲೆಗೆ! ಟೀ ವಿರಾಮದಲ್ಲಿ ಎಲ್ಲರೂ ಅಕ್ಕನ ಮೇಲೆ ಮುಗಿಬಿದ್ದರು. ಸೂಪರ್‌ವೈಸರ್ ಕೂಡ ಬಂದು, "ಕೈಗೆ ಬಂದದ್ದನ್ನ ಕಾಲಲ್ಲಿ ಒದೀತೀರಲ್ಲಮ್ಮ" ಎಂದರು. ಅಕ್ಕ ನೋಡಿದರು. ಅಂಗಡಿ ತೆರೆದು ಎರಡು ವಾರವಾಗಿದೆ. ಬಂದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ದುಡ್ಡನ್ನು ಬೇರೊಂದು ನಂಬರಿಗೆ ನೇರವಾಗಿ ಹಾಕಿದರೆ ಇನ್ನಷ್ಟು ಕಡಿಮೆಯಂತೆ. "ಬೇಡ" ಎಂದರು. ಎರಡು ದಿನ ಅರ್ಧ ಡಿಪೋ ಮುಖ ಊದಿಸಿಕೊಂಡಿತು. ಮೂರನೆಯ ದಿನ ಆ ಅಂಗಡಿಯೇ ಫೋನಿನಲ್ಲಿ ಕಾಣಲಿಲ್ಲ.

ನಲವತ್ತನಾಲ್ಕನೆಯ ದಿನ, ಸೇಲಿನ ಸದ್ದೆಲ್ಲ ಅಡಗಿದ ಮೇಲೆ, ಅಕ್ಕ ಕಾಯುತ್ತಿದ್ದ ಬೂಟಿನ ಬೆಲೆ ಸದ್ದಿಲ್ಲದೆ ಐದನೇ ಒಂದು ಭಾಗ ಇಳಿಯಿತು. ಮೂವತ್ತೆಂಟೂ ಜೊತೆ ಒಂದೇ ವಿಳಾಸಕ್ಕಾದರೆ ಸಾಗಣೆ ಖರ್ಚು ಬಿಡುತ್ತೀರಾ ಎಂದು ಅಕ್ಕ ಮಾರಾಟಗಾರರಿಗೆ ಬರೆದು ಕೇಳಿದರು. ಒಪ್ಪಿದರು. ಆದರೂ ಮೊದಲು ತರಿಸಿದ್ದು ಒಂದೇ ಜೊತೆ, ದೊಡ್ಡಮ್ಮನದು. ವಾಪಸಾತಿಗೆ ಏಳು ದಿನದ ಗಡುವು. ಆರು ದಿನ ಪಾಳಿ ಮುಗಿದ ಕೂಡಲೇ ಅಕ್ಕ ದೊಡ್ಡಮ್ಮನ ಮನೆಗೆ ಹೋದರು. ನೆಲಕ್ಕೆ ಹಳೆಯ ಬೆಡ್‌ಶೀಟ್ ಹಾಸಿ, ಊದಿದ ಕಾಲಿಗೆ ಬೂಟು ತೊಡಿಸಿ, ಒಂದೊಂದು ಗಂಟೆ ಅದರ ಮೇಲೇ ನಡೆಸಿದರು. ಅತ್ತೆಯನ್ನು ಮದುಮಗಳ ಹಾಗೆ ನಡೆಸುತ್ತಿದ್ದಾರೆ ಎಂದು ದೊಡ್ಡಮ್ಮನ ಸೊಸೆ ತಮಾಷೆ ಮಾಡಿದರಂತೆ. ಅಟ್ಟೆಗೆ ಒಂದು ಕಣ ಮಣ್ಣು ಅಂಟಲಿಲ್ಲ. ಏಳನೆಯ ದಿನ ಉಳಿದ ಮೂವತ್ತೇಳಕ್ಕೂ ಆರ್ಡರ್ ಹೋಯಿತು. ಅವು ಬಂದು ಇಳಿದದ್ದು ನಿನ್ನೆ.

ಈಗ ಹತ್ತೂವರೆ. ಅರವತ್ತನಾಲ್ಕನೆಯ ಬಸ್ಸು ಒದ್ದೆ ಮೈಯಲ್ಲೇ ಗೇಟಿನ ಕಡೆ ಹೊರಟಿದೆ. ದೊಡ್ಡಮ್ಮ ಡ್ರಮ್ಮಿನ ಮೇಲೆ ಕೂತು ಬೂಟಿಗೆ ಕೈ ಹಾಕುತ್ತಾರೆ. ಮೂವತ್ತೇಳು ಜನ ತಮ್ಮ ಬೂಟು ಮರೆತು ಸುತ್ತ ನಿಂತಿದ್ದಾರೆ. ಬಲಗಾಲಿನದು ಸಲೀಸಾಗಿ ಬರುತ್ತದೆ. ಎಡಗಾಲಿನದೂ. ದೊಡ್ಡಮ್ಮ ಕಾಲುಚೀಲ ಕಳಚಿ ಒಮ್ಮೆ ಕೊಡವುತ್ತಾರೆ, ಅಕ್ಕನನ್ನು ಹತ್ತಿರ ಕರೆದು ಆ ಕಾಲುಚೀಲವನ್ನು ಆಕೆಯ ಕೆನ್ನೆಗೆ ಒತ್ತುತ್ತಾರೆ.

"ನೋಡ್ಕೋ. ಒಂದು ಹನಿ ಇದ್ರೆ ಹೇಳು."

ಬೆವರಿಗೆ ಬೆಚ್ಚಗಾಗಿದೆ ಅಷ್ಟೇ, ನೀರಿಲ್ಲ. ಎಲ್ಲರೂ ಹೋ ಎಂದು ಕೂಗುತ್ತಾರೆ. ಅಕ್ಕ ಅಳುತ್ತಿದ್ದಾರೆ, ಅದನ್ನು ಮುಚ್ಚಿಡುವ ಗೋಜಿಗೂ ಹೋಗುವುದಿಲ್ಲ. ಮುಖ ಒರೆಸಿಕೊಂಡು ನೇರ ಗಾಜಿನ ಹತ್ತಿರ ನಡೆದು, ಬೂಟಿನ ಸಾಲನ್ನು ಒದ್ದೆ ಬಟ್ಟೆಯಿಂದ ಅಳಿಸಿಹಾಕುತ್ತಾರೆ. ಆಮೇಲೆ ಫೋನ್ ತೆಗೆದು ಆ ಬೂಟಿನ ಕೆಳಗೆ ನಿಧಾನವಾಗಿ, ಒಂದೊಂದೇ ಅಕ್ಷರ ಹುಡುಕಿ ಬರೆಯುತ್ತಾರೆ: 'ಬೆಳಗಿನ ಕಾಲು ಅಳೆಯಬೇಡಿ. ದುಡಿದ ಕಾಲು ಅಳೆದು ತರಿಸಿ.' ಕೆಳಗೆ ನಾಲ್ಕು ಸ್ಟಾರ್ ಒತ್ತುತ್ತಾರೆ.

ಸೂಪರ್‌ವೈಸರ್ ಭುಜದ ಮೇಲಿಂದ ಇಣುಕಿ, "ಇಷ್ಟಾದ ಮೇಲೂ ಒಂದು ಸ್ಟಾರ್ ಯಾಕಮ್ಮ ಹಿಡ್ಕೊಂಡ್ರಿ?" ಎನ್ನುತ್ತಾರೆ.

"ಇನ್ನೂ ಹದಿನಾಲ್ಕು ತಿಂಗಳಿದೆಯಲ್ಲ ಸಾರ್" ಎಂದು ಅಕ್ಕ ಫೋನನ್ನು ಒಳಗಿಡುತ್ತಾರೆ. "ಕೊನೇ ದಿನ ದೊಡ್ಡಮ್ಮ ಇದೇ ಬೂಟಲ್ಲಿ, ಒಣಗಿದ ಕಾಲಲ್ಲಿ, ಆ ಗೇಟು ದಾಟ್ಲಿ. ಐದನೇದು ಅವತ್ತು ಕೊಡ್ತೀನಿ."